ಅಂಗಳದಲ್ಲಿ ತಿದ್ದಬಾರದು

ಬಳಗದ ಕಚೇರಿಯ ಬೀಗದಕೈಯನ್ನು ಸಫಿಯಾಳಿಗೆ ಒಪ್ಪಿಸಿದ ದಿನ ಅವಳು ಕೋಣೆಯನ್ನೊಮ್ಮೆ ಸುತ್ತ ನೋಡಿ, "ಮೇಡಂ, ಇಲ್ಲಿ ದಿನಾ ಎಂತ ಕೆಲಸ ಇರ್ತದೆ?" ಎಂದು ಕೇಳಿದಳು. "ಎಂತ ಇಲ್ಲ, ಫೋನ್ ಮಾಡುದು" ಎಂದುಬಿಟ್ಟೆ. ಮನೆಗೆ ಬಂದು ರಾತ್ರಿಯ ಗಂಜಿಗೆ ಅಕ್ಕಿ ತೊಳೆಯುವಾಗ ಆ ಉತ್ತರ ಸಾಲದು ಅನ್ನಿಸಿತು. ಉದ್ಯಾವರದಿಂದ ಬಸ್ಸಿನಲ್ಲಿ ಬಂದು ಹೋಗುವ ಹುಡುಗಿ, ಇತಿಹಾಸದಲ್ಲಿ ಎಂ.ಎ. ಮಾಡಿದವಳು. ಅವಳಿಗೂ ಅವಳ ಹಾಗೆ ಈ ಕೆಲಸಕ್ಕೆ ಬರುವ ಬೇರೆಯವರಿಗೂ ಉಪಯೋಗ ಆದೀತು ಅಂತ ಇದನ್ನು ಬರೆದಿದ್ದೇನೆ.

ನಮ್ಮದು ಉಡುಪಿಯ ಒಂದು ಸಣ್ಣ ಇತಿಹಾಸ ಬಳಗ. ಮಳೆಗಾಲದಲ್ಲಿ ತಿಂಗಳಿಗೊಂದು ಭಾನುವಾರ ಉಪನ್ಯಾಸ. ದೀಪಾವಳಿ ಕಳೆದ ಮೇಲೆ ಬೇಸಗೆ ಕಾಯುವವರೆಗೆ ಹೊರಸಂಚಾರ. ಒಂದು ಬಸ್ಸು ಮಾಡಿಕೊಂಡು ಕಾರ್ಕಳವೋ ಕಾಪುವೋ, ಯಾವುದಾದರೂ ಹಳೆ ಮನೆ, ಹಳೆ ಕೆರೆ, ಹಳೆ ಕಲ್ಲು ನೋಡಿ, ಆ ಊರಿನವರ ಮಾತು ಕೇಳಿ, ಊಟ ಮಾಡಿ ಸಂಜೆಗೆ ಹಿಂದೆ ಬರುವುದು. ವರ್ಷವಿಡೀ ನಡೆಯುವ ಈ ಕಾರ್ಯಕ್ರಮಗಳನ್ನು ಹೊಂದಿಸಿ ನಡೆಸುವುದೇ ನನ್ನ ಉದ್ಯೋಗವಾಗಿತ್ತು. ಕಚೇರಿ ಕಾರ್ಯದರ್ಶಿ ಎಂಬ ಹೆಸರಿತ್ತು. ಕುರ್ಚಿ ಬಿಡಿಸಿ ಹಾಕುವುದೂ ಅದರಲ್ಲೇ ಸೇರಿತ್ತು.

ನಮ್ಮ ಅಧ್ಯಕ್ಷರು ವಾಸುದೇವ ಭಟ್ಟರು. ಹೈಸ್ಕೂಲಿನಲ್ಲಿ ಇತಿಹಾಸ ಕಲಿಸಿ ನಿವೃತ್ತರಾದವರು. ಗದರುವ ಸ್ವಭಾವ, ಆದರೆ ಗದರಿದ ಮೇಲೆ ಚಾ ತರಿಸುತ್ತಿದ್ದರು. ವರ್ಷದ ಕಾರ್ಡು ಅಚ್ಚಿಗೆ ಹೋಗುವ ಮೊದಲು ನನ್ನ ಮೇಜಿನ ಮೇಲೆ ಕ್ಯಾಲೆಂಡರ್ ಹರಡಿ, "ಸುಮತಿ, ವಿಜಯನಗರ ಆಮೇಲೆ. ಮೊದಲು ಮದುವೆ ಯಾವತ್ತು ನೋಡು" ಎನ್ನುತ್ತಿದ್ದರು. ಮದುವೆ, ಭೂತದ ಕೋಲ, ರಂಜಾನ್, ಚರ್ಚಿನ ಹಬ್ಬ, ಮಕ್ಕಳ ಪರೀಕ್ಷೆ ಇವನ್ನೆಲ್ಲ ದಾಟಿ ಉಳಿದ ಭಾನುವಾರಗಳೇ ನಮ್ಮ ಇತಿಹಾಸಕ್ಕೆ ಸಿಗುವ ಭಾನುವಾರಗಳು.

ಒಂದು ವರ್ಷ ಹಾಗೆ ನೋಡದೆ, ದೊಡ್ಡ ಮುಹೂರ್ತದ ದಿನವೇ ಉಪನ್ಯಾಸ ಇಟ್ಟಾಯಿತು. ಸಭೆಗೆ ಬಂದವರು ಉಪನ್ಯಾಸಕರ ಹೆಂಡತಿ, ಸಭಾಂಗಣದ ಕಾವಲಿನವರು ಮತ್ತು ಮದುವೆ ಹಾಲ್ ಅಂತ ತಪ್ಪಿ ಒಳಗೆ ಬಂದ ಒಬ್ಬರು ಹಿರಿಯರು. ರೇಷ್ಮೆ ಪಂಚೆ ಉಟ್ಟುಕೊಂಡು ಬಂದಿದ್ದ ಆ ಹಿರಿಯರು ಎದ್ದು ಹೋಗುವುದು ಮರ್ಯಾದೆಯಲ್ಲ ಅಂತ ಪೂರ್ತಿ ಕುಳಿತರು. ನಾನು ಧನ್ಯವಾದ ಹೇಳುವಾಗ ಅವರನ್ನೂ ಸೇರಿಸಿದೆ.

ಜಾಗವನ್ನು ಮೊದಲೇ ಹೋಗಿ ನೋಡಿ ಬರುವುದು ಇನ್ನೊಂದು ಕೆಲಸ. ಅದು ಎಷ್ಟು ಮುಖ್ಯವೋ, ಯಾವ ತಿಂಗಳಲ್ಲಿ ನೋಡಿದ್ದು ಅನ್ನುವುದೂ ಅಷ್ಟೇ ಮುಖ್ಯ. ಅಜೆಕಾರಿನ ಹತ್ತಿರ ಒಂದು ಕೆರೆಯ ಮಧ್ಯದ ಶಾಸನ ಕಲ್ಲನ್ನು ನಮ್ಮ ಸಮಿತಿಯವರು ಮೇ ತಿಂಗಳಲ್ಲಿ ನೋಡಿ ಬಂದರು. ಕೆರೆ ಒಣಗಿತ್ತು, ಕಲ್ಲು ಚೆನ್ನಾಗಿ ಕಾಣುತ್ತಿತ್ತು, ಫೋಟೋ ತೆಗೆದು ಕಾರ್ಡಿಗೂ ಹಾಕಿಸಿದರು. ನವೆಂಬರಿನಲ್ಲಿ ಬಸ್ಸು ತುಂಬ ಜನ ಹೋಗಿ ಇಳಿದರೆ ಕೆರೆ ದಡ ಮುಟ್ಟಿ ತುಂಬಿದೆ. ಮಳೆಗಾಲ ಕಳೆದ ಕೆರೆಯಲ್ಲಿ ನೀರಿರುತ್ತದೆ ಎಂದು ಇತಿಹಾಸ ಬಲ್ಲವರು ಯಾರಿಗೂ ಹೊಳೆದಿರಲಿಲ್ಲ. ಭಟ್ಟರು ಕೊಡೆಯನ್ನು ನೀರಿನ ಕಡೆ ಚಾಚಿ, "ಅಲ್ಲಿ, ಆ ತಾವರೆ ಎಲೆಯ ಕೆಳಗೆ, ಹದಿನಾಲ್ಕು ಸಾಲಿನ ಶಾಸನ ಉಂಟು" ಎಂದು ಶುರು ಮಾಡಿ ಅರ್ಧ ಗಂಟೆ ಮಾತಾಡಿದರು. ಎಲ್ಲರೂ ನೀರು ನೋಡುತ್ತ ಕೇಳಿದರು. ಬಸ್ಸು ಹತ್ತುವಾಗ ಚಾಲಕ ಸದಾನಂದ, "ಭಟ್ರೇ, ಮುಂದಿನ ಸಲ ದೋಣಿ ತರ್ಲಾ?" ಎಂದು ಕೇಳಿದ. ಅವನಿಗೆ ಆ ದಿನ ಬೈಗುಳವೂ ಚಾವೂ ಎರಡೂ ಸಿಕ್ಕವು.

ಕೆಲಸ ಮಾಡುವ ರೀತಿಯೂ ಬದಲಾಯಿತು. ಮೊದಲೆಲ್ಲ ಕಲ್ಲನ್ನು ತೆಂಗಿನ ಸಿಪ್ಪೆಯಿಂದ ತಿಕ್ಕಿ ತೊಳೆದು, ಚಾಕ್ ಪುಡಿ ಸವರಿ ಅಕ್ಷರ ಬಿಡಿಸುತ್ತಿದ್ದರು. ಅದರಿಂದ ಕಲ್ಲು ಸವೆಯುತ್ತದೆ ಅಂತ ಭಟ್ಟರು ನಿಲ್ಲಿಸಿದರು. ಈಗ ಮೊಬೈಲಿನ ಬೆಳಕನ್ನು ಓರೆಯಾಗಿ ಹಿಡಿದರೆ ಸಾಕು, ನೆರಳಿನಲ್ಲಿ ಅಕ್ಷರ ತಾನಾಗಿ ಏಳುತ್ತದೆ. ಅಂಚೆ ಕಾರ್ಡಿನ ಬದಲು ವಾಟ್ಸಾಪ್ ಗುಂಪು ಬಂತು. ಅದರಲ್ಲಿ ಕಾರ್ಯಕ್ರಮದ ಸುದ್ದಿಗಿಂತ ಬೆಳಗಿನ ಹೂವುಗಳೇ ಹೆಚ್ಚು. ಯಾರು ನಿಜವಾಗಿ ಬರಬೇಕೋ ಅವರಿಗೆ ಫೋನೇ ಮಾಡಬೇಕು ಸಫಿಯಾ. ಇದು ಈಗಲೂ ಬದಲಾಗಿಲ್ಲ.

ಆದರೆ ಒಂದು ನಿಯಮ ನಾನು ಸೇರಿದಾಗಲೂ ಇತ್ತು, ಈಗಲೂ ಇದೆ. ಎಲ್ಲಿಯೂ ಬರೆದಿಟ್ಟದ್ದಲ್ಲ. ಪ್ರತಿ ಹೊರಸಂಚಾರದ ಬಸ್ಸಿನಲ್ಲಿ ಭಟ್ಟರು ಎದ್ದು ನಿಂತು ಬಾಯಲ್ಲಿ ಹೇಳುತ್ತಿದ್ದರು: "ಮನೆಯವರು ಅವರ ಅಂಗಳದಲ್ಲಿ ಎಂತ ಹೇಳ್ತಾರೋ ಅದನ್ನು ಕೇಳಿ. ಅಂಗಳದಲ್ಲಿ ತಿದ್ದಬೇಡಿ. ತಿದ್ದಲೇಬೇಕು ಅಂತಾದರೆ ಊಟ ಆದ ಮೇಲೆ, ಜಗಲಿಯಲ್ಲಿ ಕೂತು, ಅವರೊಬ್ಬರಿಗೇ."

ಇದರ ಬೆಲೆ ನಾನು ಮೊದಲು ಕಂಡದ್ದು ಕಾಪುವಿನಲ್ಲಿ, ಹಸನಬ್ಬ ಎಂಬ ಹಿರಿಯ ಬ್ಯಾರಿ ವ್ಯಾಪಾರಿಯ ಮನೆಯಲ್ಲಿ. ಮುಂಬಾಗಿಲಿನ ಕೆತ್ತನೆ ತೋರಿಸಿ ಅವರು, "ಇದು ನಮ್ಮ ಅಜ್ಜ ಅರೇಬಿಯಾದಿಂದ ಹಡಗಿನಲ್ಲಿ ತಂದದ್ದು" ಎಂದರು. ನೋಡಿದರೆ ಗೊತ್ತಾಗುವ ಹಲಸಿನ ಮರ. ನಮ್ಮವರಲ್ಲಿ ಇಬ್ಬರು ಮೂವರ ಬಾಯಿ ತುರಿಸುತ್ತಿತ್ತು. ಭಟ್ಟರು ಕಣ್ಣಿನಲ್ಲೇ ಹೆದರಿಸಿ ಕೂರಿಸಿದರು. ಊಟ ಆಗಿ ವೀಳ್ಯ ಹಾಕುವಾಗ ಮೆಲ್ಲ ಕೇಳಿದರು: "ಅಲ್ಲ ಸಾಹೇಬ್ರೇ, ಅರೇಬಿಯಾದಲ್ಲಿ ಹಲಸು ಆಗ್ತದಾ?"

ಹಸನಬ್ಬ ಹೊಟ್ಟೆ ಕುಣಿಸಿ ನಕ್ಕರು. "ಆಗುದಿಲ್ಲ ಮಾಸ್ಟ್ರೇ! ನನಗೂ ಗೊತ್ತುಂಟು. ಅಜ್ಜ ಹೇಳ್ತಿದ್ದರು, ಅಪ್ಪ ಹೇಳಿದರು, ನಾನು ಹೇಗೆ ಇಲ್ಲ ಅನ್ನುದು? ನಿಜವಾಗಿ ಹಡಗಿನಲ್ಲಿ ಬಂದದ್ದು ಬೇಕಾ, ಬನ್ನಿ" ಎಂದು ಅಡುಗೆಮನೆಯ ಹಿಂದೆ ಕರೆದುಕೊಂಡು ಹೋಗಿ ಆಳೆತ್ತರದ ಒಂದು ಭರಣಿ ತೋರಿಸಿದರು. ಅದರಲ್ಲಿ ಉಪ್ಪು ನೀರಿನ ಮಾವಿನಕಾಯಿ ಇತ್ತು. ಅಂಗಳದಲ್ಲಿ ಬಾಗಿಲಿನ ಮಾತು ತೆಗೆದಿದ್ದರೆ ಆ ಭರಣಿ ನಮಗೆ ಕಾಣುತ್ತಿರಲಿಲ್ಲ.

ಈ ನಿಯಮ ಒಂದೇ ಒಂದು ಸಲ ಮುರಿಯಿತು. ಅದು ಇನ್ನಂಜೆಯಲ್ಲಿ.

ಇನ್ನಂಜೆಯ ಗಿರಿಜಕ್ಕನ ಮನೆ ಗದ್ದೆಗೆ ಮುಖ ಮಾಡಿದ ಮನೆ. ಅಂಗಳದ ಅಂಚಿನಲ್ಲಿ ಸೊಂಟದೆತ್ತರದ ಒಂದು ವೀರಗಲ್ಲು. ಕೆಳಗೆ ಕತ್ತಿ ಎತ್ತಿ ನಿಂತ ಒಬ್ಬ ಗಂಡಸು. ಮೇಲೆ ಅವನನ್ನು ಎರಡೂ ಕಡೆ ತೋಳು ಹಿಡಿದು ಎತ್ತಿಕೊಂಡು ಹೋಗುವ ಇಬ್ಬರು ಹೆಂಗಸರು. ಮನೆಯವರು ಅವನನ್ನು ದೂಮಣ್ಣಜ್ಜ ಅನ್ನುತ್ತಿದ್ದರು. ಕೊಯ್ಲಿನ ಹೊತ್ತಿಗೆ ಭತ್ತ ದೋಚಲು ಬಂದವರನ್ನು ಒಬ್ಬನೇ ಗದ್ದೆಯ ಬದುವಿನ ಮೇಲೆ ತಡೆದು ಸತ್ತ ಹಿರಿಯ. ಹೊಸ ಬೆಳೆಯ ತೆನೆಯನ್ನು ಮಾವಿನೆಲೆ ಹಲಸಿನೆಲೆಯಲ್ಲಿ ಸುತ್ತಿ ಮನೆಯ ಕಂಬಕ್ಕೆ, ಬಾವಿಗೆ, ಕಣಜಕ್ಕೆ ಕಟ್ಟುವ ಕದಿರು ಹಬ್ಬದಲ್ಲಿ ಮೊದಲ ಕದಿರು ದೂಮಣ್ಣಜ್ಜನಿಗೆ.

ಆ ದಿನ ಭಟ್ಟರಿಗೆ ಜ್ವರ. ಬಸ್ಸಿನಲ್ಲಿ ನಿಯಮ ಹೇಳುವವರು ಇರಲಿಲ್ಲ. ಮಾರ್ಗದರ್ಶನಕ್ಕೆ ಬಂದವರು ಪ್ರಶಾಂತ್ ಎಂಬ ಅಧ್ಯಾಪಕರು. ಘಟ್ಟದ ಮೇಲಿನವರು, ಮಣಿಪಾಲದಲ್ಲಿ ಬಾಡಿಗೆ ಮನೆ ಮಾಡಿಕೊಂಡು ಕರಾವಳಿಯ ವೀರಗಲ್ಲುಗಳ ಮೇಲೆ ಕೆಲಸ ಮಾಡುತ್ತಿದ್ದರು. ರಜೆಯ ದಿನವೆಲ್ಲ ಬೈಕಿನಲ್ಲಿ ಗದ್ದೆ ತೋಟ ಸುತ್ತುವ ಮನುಷ್ಯ. ಒಳ್ಳೆಯವರು. ಸತ್ಯ ಹೇಳಿದರೆ ಎಲ್ಲರಿಗೂ ಸಂತೋಷವಾಗುತ್ತದೆ ಎಂದು ನಂಬಿದವರು.

ಗಿರಿಜಕ್ಕ ಜರಿ ಸೀರೆ ಉಟ್ಟು ಸಿದ್ಧರಾಗಿದ್ದರು. ಮನೆಯಲ್ಲಿ ತುಳು ಮಾತ್ರ ಆಡುವ ಅವರು ನಮಗಾಗಿ ಶಾಲೆಯ ಪುಸ್ತಕದ ಕನ್ನಡ ಹುಡುಕಿ ಹುಡುಕಿ ಕಥೆ ಹೇಳಿದರು. ಕೊನೆಗೆ ಮೇಲಿನ ಹೆಂಗಸರನ್ನು ತೋರಿಸಿ, "ಇವರು ಅವರ ಅಕ್ಕ ಮತ್ತು ತಂಗಿ. ನಮ್ಮಲ್ಲಿ ಅಳಿಯಕಟ್ಟು, ಮನೆ ಹೆಣ್ಣುಮಕ್ಕಳದ್ದು. ಒಡಹುಟ್ಟಿದವ ಸತ್ತಾಗ ಹೊತ್ತುಕೊಂಡು ಹೋಗುವವರು ಅಕ್ಕ ತಂಗಿಯರಲ್ಲದೆ ಮತ್ಯಾರು?" ಎಂದರು. ಅವರ ಮಗಳು ವನಿತಾ, ಮೊಮ್ಮಗಳು, ನೆರೆಕರೆಯವರು ಎಲ್ಲ ಸುತ್ತ ನಿಂತಿದ್ದರು.

ಪ್ರಶಾಂತ್ ಸರ್ ಪ್ರೀತಿಯಿಂದಲೇ ಶುರು ಮಾಡಿದರು. "ಅಮ್ಮ, ಕಥೆ ಬಹಳ ಚೆನ್ನಾಗಿದೆ. ಆದರೆ ಇವರು ವೀರನನ್ನು ಸ್ವರ್ಗಕ್ಕೆ ಒಯ್ಯುವ ಅಪ್ಸರೆಯರು. ಇಂಥ ಕಲ್ಲುಗಳಲ್ಲೆಲ್ಲ ಇರ್ತಾರೆ. ಇನ್ನೊಂದು ವಿಷಯ, ಈ ಕಲ್ಲು ನಿಮ್ಮ ಮನೆತನಕ್ಕಿಂತ ಎಷ್ಟೋ ಹಳೆಯದು. ಬುಡ ಮುರಿದಿದೆ ನೋಡಿ, ಬೇರೆ ಎಲ್ಲಿಂದಲೋ ಇಲ್ಲಿಗೆ ಬಂದದ್ದು. ಇವನು ನಿಮ್ಮ ದೂಮಣ್ಣ ಆಗಿರಲು ಸಾಧ್ಯ ಇಲ್ಲ."

ನಾನು ನೀರಿನ ಲೋಟ ಕೊಡುವ ನೆಪದಲ್ಲಿ ಅಡ್ಡ ಹೋಗುವಷ್ಟರಲ್ಲಿ ಮಾತು ಮುಗಿದಿತ್ತು. ಗಿರಿಜಕ್ಕ ಕಲ್ಲಿನ ಮೇಲಿಟ್ಟಿದ್ದ ಕೈ ತೆಗೆದರು. "ಹೌದಾ" ಎಂದರು, ಅಷ್ಟೇ. ಊಟ ಬಡಿಸಿದರು. ಕೋರಿ ರೊಟ್ಟಿಯನ್ನು ಎಲ್ಲರಿಗೂ ಎರಡು ಸಲ ಒತ್ತಾಯ ಮಾಡಿ ಹಾಕಿದರು. ಆದರೆ ನಾವು ಹೊರಡುವಾಗ ಬಾಗಿಲವರೆಗೆ ಬರಲಿಲ್ಲ.

ನಾನು ನಡುನಡುವೆ ಫೋನ್ ಮಾಡುತ್ತಿದ್ದೆ. ವನಿತಾ ಮಾತಾಡುತ್ತಿದ್ದರು, ಗಿರಿಜಕ್ಕ ಫೋನಿಗೆ ಬರುತ್ತಿರಲಿಲ್ಲ. ಮುಂದಿನ ಕದಿರು ಹಬ್ಬ ಕಳೆದ ಮೇಲೆ ಒಂದು ದಿನ ವನಿತಾ ತಾವಾಗಿ ಫೋನ್ ಮಾಡಿದರು.

"ಸುಮತಿಯಕ್ಕ, ಮಗಳ ನಿಶ್ಚಿತಾರ್ಥ ಉಂಟು. ಅಂಗಳಕ್ಕೆ ಇಂಟರ್‌ಲಾಕ್ ಹಾಕಿಸ್ತಾ ಇದ್ದೇವೆ. ಆ ಕಲ್ಲು ಅಡ್ಡ ಬರ್ತದೆ ಅಂತ ಕಂಟ್ರಾಕ್ಟರ್ ಹೇಳ್ತಾನೆ. ನಿಮಗೆ ಬೇಕಾದರೆ ಕೊಂಡುಹೋಗಿ."

"ಗಿರಿಜಕ್ಕ ಎಂತ ಹೇಳ್ತಾರೆ?"

"ಅಮ್ಮನೇ ಹೇಳಿದ್ದು. ನಮ್ಮದಲ್ಲದ್ದು ನಮಗೆ ಎಂತಕ್ಕೆ ಅಂತ. ಈ ಸಲ ಕಲ್ಲಿಗೆ ಕದಿರೂ ಕಟ್ಟಲಿಲ್ಲ ಸುಮತಿಯಕ್ಕ. ಕಟ್ಟಲಿಕ್ಕೆ ಹೋಗಿ ಅರ್ಧ ದಾರಿಯಿಂದ ತಿರುಗಿ ಬಂದರು."

ಸಮಿತಿಯ ಸಭೆಯಲ್ಲಿ ಈ ವಿಷಯ ಇಟ್ಟಾಗ ಕೆಲವರ ಮುಖ ಅರಳಿತು. ಅಷ್ಟು ಒಳ್ಳೆಯ ಕಲ್ಲು ನಮ್ಮ ಕಚೇರಿಯ ಜಗಲಿಗೆ ಬಂದರೆ ಬಳಗಕ್ಕೆ ಗೌರವ ಅಂತ ಒಬ್ಬರು ಹೇಳಿದರು. ಫೋಕಸ್ ಲೈಟ್ ಹಾಕಿಸುವ ಅಂತ ಇನ್ನೊಬ್ಬರು. ಭಟ್ಟರು ಕನ್ನಡಕ ತೆಗೆದು ಒರೆಸಿದರು. "ಇಲ್ಲಿ ಅದಕ್ಕೆ ಕದಿರು ಕಟ್ಟುವವರು ಯಾರು? ನೀವಾ? ನಿಮ್ಮ ಗದ್ದೆ ಎಲ್ಲಿ ಉಂಟು ಮಾರಾಯ್ರೆ?"

ಭಟ್ಟರು ನನ್ನ ಕಡೆ ತಿರುಗಿ, "ನಾನು ಬಂದರೆ ಆಕೆ ಮರ್ಯಾದೆಗೆ ತಲೆ ಆಡಿಸಿಯಾರು. ಅದು ಬೇಡ. ನೀನು ಪ್ರಶಾಂತನನ್ನು ಕರ್ಕೊಂಡು ಹೋಗು. ನಿಯಮ ಮುರಿದವನೇ ಹೋಗಲಿ" ಎಂದರು.

ಹೋಗುವ ದಾರಿಯಲ್ಲಿ ಕಾರು ಓಡಿಸಿದ್ದು ಪ್ರಶಾಂತ್ ಸರ್. ಉದ್ಯಾವರದ ಸೇತುವೆ ದಾಟಿದ ಮೇಲೆ ಕೇಳಿದರು, "ನಾನು ಹೇಳಿದ್ದು ತಪ್ಪಾ ಮೇಡಂ?"

"ತಪ್ಪಲ್ಲ ಸರ್."

"ಮತ್ತೆ?"

"ಅವರ ಅಂಗಳದಲ್ಲಿ, ಅವರ ಮೊಮ್ಮಗಳ ಎದುರು, ಅವರು ನಮಗೆ ಊಟ ಹಾಕುವ ಮೊದಲು ಹೇಳಿದಿರಿ."

"ಈಗ ಹೋಗಿ ಅವನು ದೂಮಣ್ಣನೇ ಅಂತ ಹೇಳೋಕೆ ನನ್ನಿಂದ ಆಗಲ್ಲ."

"ಹಾಗೆ ಹೇಳಿದರೆ ಅವರು ನಿಮ್ಮನ್ನು ಒಳಗೆ ಸೇರಿಸುವುದೂ ಇಲ್ಲ" ಎಂದೆ.

ಅಂಗಳದಲ್ಲಿ ಇಂಟರ್‌ಲಾಕ್ ಕಲ್ಲುಗಳು ರಾಶಿ ಬಿದ್ದಿದ್ದವು. ವೀರಗಲ್ಲಿನ ಸುತ್ತ ಮಣ್ಣು ಬಿಡಿಸಲು ಶುರು ಮಾಡಿದ್ದರು. ಗಿರಿಜಕ್ಕ ಜಗಲಿಯಲ್ಲಿ ಮೆಟ್ಟುಕತ್ತಿಯ ಮೇಲೆ ಕೂತು ತೊಂಡೆಕಾಯಿ ಸೀಳುತ್ತಿದ್ದರು.

"ಬನ್ನಿ, ಕೂತ್ಕೊಳ್ಳಿ. ಕಲ್ಲು ಕೊಂಡುಹೋಗಲಿಕ್ಕೆ ಟೆಂಪೋ ತರಲಿಲ್ಲವಾ?"

ಪ್ರಶಾಂತ್ ಸರ್ ಕುರ್ಚಿ ಬಿಟ್ಟು ಜಗಲಿಯ ಮೆಟ್ಟಿಲಿನಲ್ಲಿ ಕೂತರು. "ಅಮ್ಮ, ಆವತ್ತು ನಾನು ಹೇಳಿದ ಮಾತು..."

"ಸುಳ್ಳಾ?"

"ಸುಳ್ಳಲ್ಲ."

"ಹಾಗಾದರೆ ಎಂತಕ್ಕೆ ಬಂದದ್ದು?"

ಗಿರಿಜಕ್ಕ ಉತ್ತರಕ್ಕೆ ಕಾಯದೆ ತೊಂಡೆಕಾಯಿ ಸೀಳುತ್ತಲೇ ಇದ್ದರು.

"ಅರ್ಧ ಹೇಳಿದ್ದೆ ಅಮ್ಮ. ಈ ಕಡೆ ಇಂಥ ಕಲ್ಲು ತುಂಬ ನೋಡಿದ್ದೇನೆ. ಒಂದನ್ನು ಬಟ್ಟೆ ಒಗೆಯಲು ಹಾಕಿದ್ದಾರೆ. ಒಂದು ಬಾವಿಯ ಮೆಟ್ಟಿಲಾಗಿದೆ. ಒಂದು ಮೋರಿಯ ಕೆಳಗೆ ಬಿದ್ದಿದೆ. ಯಾವುದರಲ್ಲಿಯೂ ಮುಖ ಉಳಿದಿಲ್ಲ. ನಿಮ್ಮ ಕಲ್ಲಿನಲ್ಲಿ ಅವನ ಮೀಸೆ ಕಾಣ್ತದೆ, ಕಿವಿಯ ಓಲೆ ಕಾಣ್ತದೆ. ಬುಡ ಮುರಿದ ಕಲ್ಲನ್ನು ಯಾರೋ ಸುಣ್ಣ ಹಾಕಿ, ಸಣ್ಣ ಕಲ್ಲು ಕೊಟ್ಟು ನೆಟ್ಟಗೆ ನಿಲ್ಲಿಸಿದ್ದಾರೆ. ಆವತ್ತಿನಿಂದ ಯಾರೂ ತುಳಿದಿಲ್ಲ. ಅದು ಈ ಮನೆಯವರದ್ದೇ ಕೆಲಸ. ಅದನ್ನು ನಾನು ಹೇಳಲೇ ಇಲ್ಲ."

ಗಿರಿಜಕ್ಕನ ಕೈ ಮೆಟ್ಟುಕತ್ತಿಯ ಮೇಲೆ ನಿಂತಿತು. "ಅವ ಯಾರು ಹಾಗಾದರೆ?"

"ಗೊತ್ತಿಲ್ಲ ಅಮ್ಮ."

"ಹೆಸರು?"

"ಬರೆದಿಲ್ಲ."

"ಊರು?"

"ಗೊತ್ತಿಲ್ಲ."

"ಇಷ್ಟು ಓದಿ ಇಷ್ಟೂ ಗೊತ್ತಿಲ್ಲವಾ ನಿಮಗೆ!" ಎಂದರು ಗಿರಿಜಕ್ಕ. ಬಾಗಿಲಲ್ಲಿ ನಿಂತಿದ್ದ ವನಿತಾ ಸೆರಗಿನಿಂದ ಬಾಯಿ ಮುಚ್ಚಿ ನಕ್ಕರು. ಪ್ರಶಾಂತ್ ಸರ್ ಕೂಡ ನಕ್ಕರು. ಗಿರಿಜಕ್ಕ ನಗಲಿಲ್ಲ. ಅಂಗಳದ ಕಡೆ ನೋಡುತ್ತಿದ್ದರು.

"ಹೆಸರಿಲ್ಲ, ಊರಿಲ್ಲ" ಎಂದು ತಮಗೆ ತಾವೇ ಹೇಳಿಕೊಂಡರು. ಆಮೇಲೆ ನನ್ನ ಕಡೆ ತಿರುಗಿದರು. "ನಮ್ಮವ ಅಲ್ಲ ಅಂತ ನಾನು ಈ ಸಲ ಕದಿರು ಕಟ್ಟಲಿಲ್ಲ ಸುಮತಿ. ಪಾಪ, ಅವನಿಗೆ ಬೇರೆ ಯಾರು ಕಟ್ಟುದು?"

ಗಿರಿಜಕ್ಕ ಕೈ ಒರೆಸಿಕೊಂಡು ಎದ್ದರು.

"ವನಿತಾ, ಆ ಕಂಬದ ಕದಿರಿನಿಂದ ಎರಡು ತೆನೆ ತೆಗೆ."

"ಅಮ್ಮ, ಹಬ್ಬ ಕಳೆದು ಎಷ್ಟು ದಿನ ಆಯ್ತು?"

"ತಡ ಆಯ್ತು ಅಂತ ಅವ ಬೈಯುದಿಲ್ಲ. ಮತ್ತೆ ಕಂಟ್ರಾಕ್ಟರಿಗೆ ಹೇಳು, ಸುತ್ತ ಜಾಗ ಬಿಟ್ಟು ಇಂಟರ್‌ಲಾಕ್ ಹಾಕ್ಲಿಕ್ಕೆ."

"ಶಾಮಿಯಾನಕ್ಕೆ ಅಡ್ಡ ಬರ್ತದೆ."

"ಬರಲಿ. ಗಂಡಿನ ಕಡೆಯವರು ಕೇಳಿದರೆ ನಮ್ಮಲ್ಲಿ ಇರುವವ ಅಂತ ಹೇಳುವ."

ಅಂಗಳದ ಮೂಲೆಯ ಮರದಿಂದ ಹೊಸ ಮಾವಿನೆಲೆ ಕೊಯ್ದು ತಂದದ್ದು ಪ್ರಶಾಂತ್ ಸರ್. ಎಲೆಯೊಳಗೆ ತೆನೆ ಇಟ್ಟು ಗಿರಿಜಕ್ಕ ನಾರು ಸುತ್ತಿದರು. ಗಂಟು ಹಾಕುವಾಗ, "ಇಲ್ಲಿ ಬೆರಳು ಇಡಿ" ಎಂದು ಅವರನ್ನು ಕರೆದರು. ಅವರು ಚಪ್ಪಲಿ ಕಳಚಿ ಬಂದು ಬೆರಳಿಟ್ಟರು.

ಇದಾದ ಮೇಲೆ ಅದೇ ವರ್ಷದ ಕೊನೆಯ ಹೊರಸಂಚಾರವನ್ನು ಮತ್ತೆ ಇನ್ನಂಜೆಗೇ ಇಟ್ಟೆವು. ಅದು ನನ್ನ ಕೆಲಸದ ಕೊನೆಯ ಸಂಚಾರ; ಸಫಿಯಾಳಿಗೆ ಮೊದಲನೆಯದು. ಭಟ್ಟರ ಮಂಡಿನೋವು ಅಷ್ಟರಲ್ಲಿ ಹೆಚ್ಚಾಗಿತ್ತು. ಆದರೂ ಬಂದರು. ಬಸ್ಸಿನಲ್ಲಿ ಸೀಟು ಹಿಡಿದುಕೊಂಡು ಎದ್ದು ನಿಂತು ನಿಯಮ ಹೇಳಲು ಬಾಯಿ ತೆರೆದವರು, ಸುಮ್ಮನಾಗಿ ಪ್ರಶಾಂತ್ ಸರ್ ಕಡೆ ಕೈ ತೋರಿಸಿ ಕೂತರು. ನಿಯಮ ಹೇಳಿದ್ದು ಪ್ರಶಾಂತ್ ಸರ್. ಸಫಿಯಾ, ನೀನು ಅದನ್ನು ಮೊಬೈಲಿನಲ್ಲಿ ಬರೆದುಕೊಳ್ಳುತ್ತಿದ್ದದ್ದನ್ನು ನಾನು ನೋಡಿದೆ. ಬರೆದುಕೋ, ಬೇಡ ಅನ್ನುವುದಿಲ್ಲ. ಆದರೆ ಪ್ರತಿ ಸಲ ಯಾರಾದರೂ ಎದ್ದು ನಿಂತು ಬಾಯಲ್ಲಿ ಹೇಳುವ ಹಾಗೆ ನೋಡಿಕೋ. ಅದೂ ನಿನ್ನ ಕೆಲಸವೇ.

ಅಂಗಳಕ್ಕೆ ಕೆಂಪು ಇಂಟರ್‌ಲಾಕ್ ಬಂದಿತ್ತು. ವೀರಗಲ್ಲಿನ ಸುತ್ತ ಒಂದು ಚೌಕ ಮಣ್ಣು ಹಾಗೆಯೇ ಉಳಿದಿತ್ತು. ಅದರಲ್ಲಿ ಯಾರೋ ಗರಿಕೆ ನೆಟ್ಟಿದ್ದರು. ಗಿರಿಜಕ್ಕ ಅದೇ ಜರಿ ಸೀರೆಯಲ್ಲಿ ಬಂದು ಕಲ್ಲಿನ ತಲೆಯ ಮೇಲೆ ಕೈ ಇಟ್ಟರು.

"ಇವನನ್ನು ದೂಮಣ್ಣಜ್ಜ ಅಂತ ನಾವು ಕರೆಯುದು. ಆದರೆ ಇವ ನಮ್ಮ ಮನೆಯಲ್ಲಿ ಹುಟ್ಟಿದವ ಅಲ್ಲ. ಎಲ್ಲಿಯವ ಅಂತ ಗೊತ್ತಿಲ್ಲ, ಓದಿದವರಿಗೂ ಗೊತ್ತಿಲ್ಲ. ಎಲ್ಲಿಯೋ ಯಾರಿಗಾಗಿಯೋ ಸತ್ತವ. ನಮ್ಮ ಹಿರಿಯರು ತಂದು ನಿಲ್ಲಿಸಿದರು. ನಾವು ಕದಿರು ಕಟ್ಟುತ್ತೇವೆ. ಮೇಲಿನ ಇಬ್ಬರು ದೇವಲೋಕದ ಹೆಂಗಸರು ಅಂತ ಇವರು ಹೇಳ್ತಾರೆ. ಅಕ್ಕ ತಂಗಿಯರೇ ಅಂತ ನಾನು ಹೇಳುದು. ನೀವು ಎರಡನ್ನೂ ಕೇಳಿಕೊಳ್ಳಿ."

ಜನ ಚಪ್ಪಾಳೆ ತಟ್ಟಿದರು. ಗಿರಿಜಕ್ಕ ಕೈ ಎತ್ತಿ ಅದನ್ನು ನಿಲ್ಲಿಸಿ, ಗುಂಪಿನಲ್ಲಿ ಪ್ರಶಾಂತ್ ಸರ್ ಎಲ್ಲಿದ್ದಾರೆ ಅಂತ ಹುಡುಕಿದರು. ಸಿಕ್ಕಿದ ಮೇಲೆ ಎಲ್ಲರಿಗೂ ಕೇಳುವ ಹಾಗೆ, "ಎಂತ ಮಾಸ್ಟ್ರೇ, ತಿದ್ದಲಿಕ್ಕೆ ಎಂತಾದರೂ ಉಂಟಾ?" ಎಂದರು.

ಎಲ್ಲರೂ ತಿರುಗಿ ನೋಡಿದರು. ಭಟ್ಟರು ಕೊಡೆಯ ಹಿಡಿಯನ್ನು ಗಟ್ಟಿಯಾಗಿ ಹಿಡಿದದ್ದು ನನಗೆ ಕಾಣುತ್ತಿತ್ತು.

"ಒಂದು ಸಣ್ಣದು ಉಂಟು ಅಮ್ಮ" ಎಂದರು ಪ್ರಶಾಂತ್ ಸರ್. "ಊಟ ಆಗಲಿ, ಜಗಲಿಯಲ್ಲಿ ಹೇಳ್ತೇನೆ."

ಗಿರಿಜಕ್ಕ ಈಗ ನಕ್ಕರು. "ವನಿತಾ, ಎಲೆ ಹಾಕು" ಎಂದು ಒಳಗೆ ಕೂಗಿದರು.